ದಾನದಿಂದ ಋಣಕ್ಕೆ

ದಾನ, ಋಣ ಎರಡೂ ನಮಗೆ ಹಳೆಯ ಮಾತುಗಳೇ. ದಾನ ಕೊಟ್ಟವರಿಗೆ ಪುಣ್ಯ, ಪಡೆದವರು ಕೈಮುಗಿದು ಹೋಗಬೇಕು. ಋಣದ ರೀತಿ ಬೇರೆ. ಸಾಲ ಕೊಟ್ಟವರು ಬಾಗಿಲಿಗೆ ಬಂದು ಕೇಳಬಹುದು, ತೀರಿಸದವರು ತಲೆತಗ್ಗಿಸಬೇಕು. ಹಸಿದ ಮಗುವಿನ ಎದುರು ನಾವು ದೊಡ್ಡವರು ದಾನಿಗಳೋ, ಸಾಲಗಾರರೋ? ಸಾಲಗಾರರೇ ಎಂದು ರಾಷ್ಟ್ರಗಳ ಒಕ್ಕೂಟವೊಂದರಿಂದ ಮೊದಲು ಒಪ್ಪಿಸಿದವರು ಇಂಗ್ಲೆಂಡಿನ ಎಗ್ಲಾಂಟೈನ್ ಜೆಬ್. 'ಸೇವ್ ದ ಚಿಲ್ಡ್ರನ್' ಸಂಸ್ಥೆಯನ್ನು ಕಟ್ಟಿದವರೆಂದೇ ಅವರ ಹೆಸರು ಉಳಿದಿದೆ. ಆ ಸಂಸ್ಥೆಗಿಂತಲೂ ಈ ಒಪ್ಪಿಗೆ ದೊಡ್ಡದೆಂದು ನನಗೆ ತೋರುತ್ತದೆ.

1876ರಲ್ಲಿ ಶ್ರಾಪ್‌ಶೈರ್‌ನ ಸ್ಥಿತಿವಂತರ ಮನೆಯಲ್ಲಿ ಹುಟ್ಟಿದ ಜೆಬ್, ಆಕ್ಸ್‌ಫರ್ಡಿನಲ್ಲಿ ಓದಿ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು. ಆ ಕೆಲಸ ಅವರಿಗೆ ಒಗ್ಗಲಿಲ್ಲ. ಕೇಂಬ್ರಿಡ್ಜಿನ ಬಡತನವನ್ನು ಕುರಿತು ಅಧ್ಯಯನ ನಡೆಸಿ 1906ರಲ್ಲಿ ಪುಸ್ತಕ ಬರೆದರು, 1913ರಲ್ಲಿ ಮ್ಯಾಸಿಡೋನಿಯಾಕ್ಕೆ ಹೋಗಿ ಯುದ್ಧದಲ್ಲಿ ಮನೆಮಾರು ಕಳೆದುಕೊಂಡವರನ್ನು ಕಂಡು ಬಂದರು. 1918ರ ನವೆಂಬರಿನಲ್ಲಿ ಮಹಾಯುದ್ಧ ನಿಂತರೂ ಬ್ರಿಟನ್ ಮತ್ತು ಮಿತ್ರರಾಷ್ಟ್ರಗಳು ಶತ್ರುದೇಶಗಳಿಗೆ ಹಾಕಿದ್ದ ದಿಗ್ಬಂಧನವನ್ನು ತೆಗೆಯಲಿಲ್ಲ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಮಕ್ಕಳು ಹೊಟ್ಟೆಗಿಲ್ಲದೆ ಸೊರಗಿದರು. 1919ರ ವಸಂತದಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಜೆಬ್ ಒಂದು ಕರಪತ್ರ ಹಂಚಿದರು. ಅದರಲ್ಲಿ ಆಸ್ಟ್ರಿಯಾದ ಒಂದು ಮಗುವಿನ ಚಿತ್ರ: ಮೈಗೆ ಹೊಂದದ ದೊಡ್ಡ ತಲೆ, ಕಡ್ಡಿಯಂಥ ಕೈಕಾಲು. ಇದು ನಮ್ಮ ದಿಗ್ಬಂಧನದ ಫಲ ಎಂಬುದೇ ಕರಪತ್ರದ ಮಾತು. ಸರ್ಕಾರದ ಪರಿಶೀಲನೆಗೆ ಒಪ್ಪಿಸದೆ ಹಂಚಿದರೆಂದು ಅವರ ಮೇಲೆ ಮೊಕದ್ದಮೆ ಹೂಡಿದರು. ತಮ್ಮ ವಾದವನ್ನು ತಾವೇ ಮಂಡಿಸಿದ ಅವರಿಗೆ ಐದು ಪೌಂಡ್ ದಂಡ ಬಿತ್ತು. ಅವರ ವಿರುದ್ಧ ವಾದಿಸಿದ್ದ ಸರ್ಕಾರಿ ವಕೀಲ ಆರ್ಚಿಬಾಲ್ಡ್ ಬಾಡ್ಕಿನ್ ಅವರೇ ಕಲಾಪ ಮುಗಿದ ಮೇಲೆ ಅಷ್ಟೇ ಹಣವನ್ನು ಅವರ ಕೈಗಿತ್ತರು. ಅದೇ ವರ್ಷದ ಮೇ 19ರಂದು ಜೆಬ್ ಮತ್ತು ಅವರ ತಂಗಿ ಡೊರೋತಿ ಬಕ್ಸ್‌ಟನ್ ಆಲ್ಬರ್ಟ್ ಹಾಲ್‌ನಲ್ಲಿ ಸಭೆ ಕರೆದು 'ಸೇವ್ ದ ಚಿಲ್ಡ್ರನ್' ನಿಧಿಯನ್ನು ಆರಂಭಿಸಿದರು.

ನಮ್ಮೂರಿನ ಮಕ್ಕಳೇ ಹಸಿದಿರುವಾಗ ವೈರಿಯ ಮಕ್ಕಳಿಗೇಕೆ ಅನ್ನ? ಈ ಆಕ್ಷೇಪ ಆಗಲೇ ಎದ್ದಿತು. 1921ರಲ್ಲಿ ರಷ್ಯಾದ ಕ್ಷಾಮಕ್ಕೆ 600 ಟನ್ ಸಾಮಗ್ರಿ ಹೊತ್ತ ಹಡಗು ಹೊರಟಾಗ ಪತ್ರಿಕೆಗಳಲ್ಲೂ ಕೇಳಿಬಂತು. ಇದನ್ನು ಕಲ್ಲು ಮನಸ್ಸಿನ ಮಾತೆಂದು ತಳ್ಳಿಹಾಕಲಾಗದು. ನಿರುದ್ಯೋಗದಲ್ಲಿ ಬೆಂದ ಇಂಗ್ಲೆಂಡಿನ ತಾಯಿ ಹಾಗೆ ಕೇಳಿದರೆ ಅದಕ್ಕೆ ಕಾರಣವಿತ್ತು. ಆದರೆ ಗಡಿ ನೋಡಿ ಅನ್ನ ಹಾಕುವುದಾದರೆ, ನಾಳೆ ಜಾತಿ ನೋಡಿ, ಓಣಿ ನೋಡಿ ಹಾಕುವುದಕ್ಕೂ ಅದೇ ತರ್ಕ ಸಾಕು. ಯಾವ ದೇಶದಲ್ಲಿ ಹುಟ್ಟಬೇಕೆಂದು ಮಗು ಆರಿಸಿಕೊಂಡಿರುವುದಿಲ್ಲ. ಜೆಬ್ ತಂಡ ಕ್ಷಾಮದ ಚಲನಚಿತ್ರ ತೆಗೆಸಿ ಊರೂರಿನಲ್ಲಿ ತೋರಿಸಿತು. ರಷ್ಯಾದ ಸರಾಟೊವ್ ಸೀಮೆಯಲ್ಲಿ ಅಡುಗೆಮನೆಗಳು ಎದ್ದವು.

ಇಷ್ಟಕ್ಕೆ ನಿಂತಿದ್ದರೆ ಅವರೂ ಒಬ್ಬ ದೊಡ್ಡ ದಾನಿ ಆಗಿರುತ್ತಿದ್ದರು. ಮರುಕ ಬಹಳ ದಿನ ಬಾಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಹೊಸ ಸಂಕಟ ಬಂದೊಡನೆ ಹಳೆಯದು ಮರೆತುಹೋಗುತ್ತದೆ. ಹಾಗಾಗಿ ಐದು ಅಂಶಗಳ ಒಂದು ಘೋಷಣೆಯನ್ನು ಸಿದ್ಧಪಡಿಸಿದರು. ಒಂದು ಪುಟಕ್ಕೆ ಮೀರದ ಬರಹ. ಅದು ಕೇಳಿದ ಸಂಗತಿಗಳಲ್ಲಿ ಕೆಲವು: ಹಸಿದ ಮಗುವಿಗೆ ಊಟ, ಕಾಯಿಲೆಯ ಮಗುವಿಗೆ ಆರೈಕೆ, ದಾರಿತಪ್ಪಿದ ಮಗುವಿಗೆ ಮರಳಿ ದಾರಿ, ಅನಾಥ ಮಗುವಿಗೆ ಆಸರೆ, ಆಪತ್ತಿನಲ್ಲಿ ಮೊದಲ ನೆರವು ಮಗುವಿಗೆ, ದುಡಿಮೆಯಲ್ಲಿ ಶೋಷಣೆಯಿಂದ ರಕ್ಷಣೆ. ತನ್ನಲ್ಲಿರುವ ಅತ್ಯುತ್ತಮವಾದದ್ದನ್ನು ಮನುಕುಲವು ಮಗುವಿಗೆ ಕೊಡುವ ಋಣದಲ್ಲಿದೆ ಎಂಬುದು ಅದರ ಪೀಠಿಕೆಯ ತಿರುಳು. 1924ರ ಸೆಪ್ಟೆಂಬರ್ 26ರಂದು ಜಿನೀವಾದಲ್ಲಿ ರಾಷ್ಟ್ರಸಂಘ ಇದನ್ನು ಅಂಗೀಕರಿಸಿತು. ನಾಲ್ಕು ವರ್ಷಗಳ ಬಳಿಕ ಅದೇ ಊರಿನಲ್ಲಿ, 52ನೆಯ ವಯಸ್ಸಿನಲ್ಲಿ ಜೆಬ್ ತೀರಿಕೊಂಡರು.

ಕಾಗದದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಬಹುದು. ಮುರಿದವರಿಗೆ ಶಿಕ್ಷೆಯಿಲ್ಲದ ಆ ಘೋಷಣೆ ಎರಡನೆಯ ಮಹಾಯುದ್ಧದಲ್ಲಿ ಮಕ್ಕಳನ್ನು ಕಾಯಲಿಲ್ಲ, ನಿಜ. ಆದರೂ ಸಾಲಪತ್ರ ಇದ್ದರೆ ತಾನೇ ವಸೂಲಿಯ ಮಾತು? ಅದೇ ಬರಹ ಬೆಳೆದು 1959ರಲ್ಲಿ ವಿಶ್ವಸಂಸ್ಥೆಯ ಘೋಷಣೆಯಾಯಿತು, 1989ರಲ್ಲಿ 54 ವಿಧಿಗಳ ಒಡಂಬಡಿಕೆಯಾಯಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು.

ಇನ್ನೊಂದು ಕೊರತೆ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಜೆಬ್ ಬರೆದ ಐದು ಅಂಶಗಳಲ್ಲಿ ಮಗು ಪಡೆಯುತ್ತದೆಯೇ ಹೊರತು ಮಾತಾಡುವುದಿಲ್ಲ. ತನ್ನ ಅಭಿಪ್ರಾಯ ಹೇಳುವ ಹಕ್ಕು ಅದಕ್ಕೆ ಸಿಕ್ಕಿದ್ದು 1989ರ ಒಡಂಬಡಿಕೆಯ 12ನೆಯ ವಿಧಿಯಲ್ಲಿ. ಆ ಹಕ್ಕು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಯ ರೂಪ ತಳೆದಿದೆ. ಶಾಲೆಯ ಶೌಚಾಲಯಕ್ಕೆ ನೀರು ಯಾವಾಗ ಬರುತ್ತದೆ ಎಂದು ಸಮವಸ್ತ್ರದ ಹುಡುಗಿ ಚೀಟಿ ನೋಡಿಕೊಂಡು ಕೇಳಿದರೆ, ಅಧ್ಯಕ್ಷರು ಅಲ್ಲೇ, ಎಲ್ಲರೆದುರು ಉತ್ತರ ಹೇಳಬೇಕು. ಸಭೆ ಕಾಟಾಚಾರಕ್ಕೆ ನಡೆಯುವ ಊರುಗಳೂ ಇವೆ. ಅಲ್ಲಿಯೂ ಆ ಹುಡುಗಿ ಕೈಮುಗಿದು ಬೇಡಬೇಕಾಗಿಲ್ಲ. ಅವಳ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು, ಮುಂದಿನ ವರ್ಷ ಅದೇ ಪುಟ ತೆರೆಸಿ ಅವಳು ಮತ್ತೆ ಕೇಳಬಹುದು.