ಅರ್ಧ ಕಿಲೋಮೀಟರ್ ಉದ್ದದ ಅಲೆ

ರೇಡಿಯೊ, ಮೈಕ್ರೋವೇವ್, ಅವಕೆಂಪು, ಬೆಳಕು, ಅತಿನೇರಳೆ, ಎಕ್ಸ್-ರೇ, ಗಾಮಾ. ಹೈಸ್ಕೂಲಿನಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತವರೇ ನಾವೆಲ್ಲ. ಇವೆಲ್ಲ ಒಂದೇ ಕುಲ, ವಿದ್ಯುತ್ಕಾಂತೀಯ ಅಲೆಗಳ ಕುಲ. ನಿರ್ವಾತದಲ್ಲಿ ಎಲ್ಲದರ ವೇಗವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ವ್ಯತ್ಯಾಸವಿರುವುದು ಅಲೆಯ ಉದ್ದದಲ್ಲಿ. 1860ರ ದಶಕದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಇಂಥ ಅಲೆಗಳನ್ನು ಲೆಕ್ಕದಲ್ಲೇ ಕಂಡುಕೊಂಡರು. ಪ್ರಯೋಗದಲ್ಲಿ ಹಿಡಿದು ತೋರಿಸಿದವರು ಹರ್ಟ್ಸ್, 1887-88ರಲ್ಲಿ.

ಉದ್ದ ಎಂದರೆ ಎಷ್ಟು? ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್. ಅಲೆಯ ವೇಗವನ್ನು ಇದರಿಂದ ಭಾಗಿಸಿ ನೋಡಿ, ಒಂದೊಂದು ಅಲೆಯೂ ಸುಮಾರು 490 ಮೀಟರ್! ಅದೇ ಊರಿನ 101.3 ಮೆಗಾಹರ್ಟ್ಸ್ ಎಫ್‌ಎಂ ಅಲೆ ಮೂರು ಮೀಟರಿಗೂ ತುಸು ಕಡಿಮೆ. ಉದ್ದನೆಯ ಅಲೆ ನೆಲ ಹಿಡಿದು, ಗುಡ್ಡ ಬಳಸಿ ದೂರ ಹೋಗುತ್ತದೆ. ಎಫ್‌ಎಂ ಹೆಚ್ಚುಕಡಿಮೆ ನೇರ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಮುಗಿಯಿತು. ಘಾಟಿ ಇಳಿಯುವಾಗ ಕಾರಿನ ರೇಡಿಯೊ ಗೊರಗೊರ ಎನ್ನುವುದು ಇದಕ್ಕೇ.

ಈಗ ಅಡುಗೆಮನೆಗೆ ಬನ್ನಿ. ಮೈಕ್ರೋವೇವ್ ಓವನ್ನಿನ ಬಾಗಿಲಲ್ಲಿ, ಗಾಜಿನ ಹಿಂದೆ, ಸಣ್ಣ ಸಣ್ಣ ತೂತುಗಳ ಲೋಹದ ಹಾಳೆ ಇರುತ್ತದೆ. ಒಳಗಿನ ಅಲೆ ಸುಮಾರು 12 ಸೆಂಟಿಮೀಟರ್, ತೂತು ಒಂದೆರಡು ಮಿಲಿಮೀಟರ್. ಅಲೆ ಅಲ್ಲೇ ತಡೆದು ನಿಲ್ಲುತ್ತದೆ. ಬೆಳಕಿನ ಅಲೆಯಾದರೋ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದು. ಅದು ಸಲೀಸಾಗಿ ಹೊರಬರುತ್ತದೆ, ಒಳಗೆ ತಟ್ಟೆ ತಿರುಗುವುದು ನಮಗೆ ಕಾಣುತ್ತದೆ. ಬಹಳಷ್ಟು ವೈಫೈ ರೂಟರುಗಳು ಬಳಸುವುದೂ ಹೆಚ್ಚುಕಡಿಮೆ ಓವನ್ನಿನ ಅಲೆಯಷ್ಟೇ ಉದ್ದದ ಅಲೆ. ಆದರೆ ಅಲೆಯ ಬಲ ಓವನ್ನಿನಲ್ಲಿ ನೂರಾರು ವಾಟ್, ರೂಟರಿನಲ್ಲಿ ಒಂದು ವಾಟಿನ ಹತ್ತನೇ ಒಂದು ಪಾಲಿನಷ್ಟು.

ಅವಕೆಂಪನ್ನು ನೋಡಬೇಕೆಂದರೆ ಟಿವಿ ರಿಮೋಟ್ ಸಾಕು. ಅದರ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ. ಬಹಳಷ್ಟು ಫೋನುಗಳ ಪರದೆಯ ಮೇಲೆ ಮಾತ್ರ ನಸುನೇರಳೆ ಚುಕ್ಕೆ ಮಿನುಗುತ್ತದೆ.

‘ರೇಡಿಯೇಶನ್’ ಎಂದೊಡನೆ ನಮ್ಮ ಜನ ಮೊಬೈಲ್ ಟವರಿನ ಕಡೆ ಬೆರಳು ತೋರಿಸುತ್ತಾರೆ. ಆದರೆ ಅಲೆ ಚಿಕ್ಕದಾದಷ್ಟೂ ಅದರ ಒಂದೊಂದು ಕಣದ (ಫೋಟಾನಿನ) ಶಕ್ತಿ ಹೆಚ್ಚು. ಜೀವಕೋಶದ ಡಿಎನ್‌ಎಗೆ ನೇರ ಪೆಟ್ಟು ಕೊಡುವ ತಾಕತ್ತು ಬರುವುದು ಅತಿನೇರಳೆಯಿಂದ ಮುಂದಕ್ಕೆ. ನೀರಿನ ಫಿಲ್ಟರಿನ ಯುವಿ ದೀಪ ರೋಗಾಣುಗಳನ್ನು ಅಡಗಿಸುವುದು ಹಾಗೆಯೇ. ಟವರಿನ ಅಲೆಗೆ ಆ ಶಕ್ತಿಯಿಲ್ಲ, ನಡುಮಧ್ಯಾಹ್ನದ ಬಿಸಿಲಿಗೆ ಇದೆ. ಆದರೂ ಟವರಿಗೆ ಹೆದರುವವರೇ ಸಣ್ಣ ಕೆಮ್ಮಿಗೂ ‘ಒಂದು ಸಿ.ಟಿ. ಬರೆದುಬಿಡಿ ಡಾಕ್ಟ್ರೇ’ ಎನ್ನುತ್ತಾರೆ. ಎದೆಯ ಒಂದು ಎಕ್ಸ್-ರೇಗಿಂತ ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಮೈಗೆ ಬೀಳುವ ಎಕ್ಸ್-ರೇ ಕಿರಣ ಸಾಮಾನ್ಯವಾಗಿ ಹತ್ತಾರು ಪಟ್ಟು ಹೆಚ್ಚು. ಬೇಕಾದಾಗ ಮಾಡಿಸಲೇಬೇಕು, ಬೇಕೇ ಎಂದು ಕೇಳಿ ಮಾಡಿಸಿ. ಎಂ.ಆರ್.ಐ. ಲೆಕ್ಕ ಬೇರೆ, ಅಲ್ಲಿ ಬಳಸುವುದು ಕಾಂತ ಮತ್ತು ರೇಡಿಯೊ ಅಲೆ. ಅಲ್ಟ್ರಾಸೌಂಡ್ ಅಂತೂ ಈ ಕುಲಕ್ಕೇ ಸೇರಿದ್ದಲ್ಲ, ಅದು ಬರೀ ಶಬ್ದ.