ಪದಕ ಬಂದ ಮೇಲೆ ಹಾರ, ಬರೋಕೆ ಮುಂಚೆ?



ಇವತ್ತು ದೇವರ ಹಿಪ್ಪರಗಿಯಿಂದ ಮಾತಾಡ್ತಿದ್ದೀನಿ. ಮಡಿವಾಳ ಮಾಚಿದೇವರ ಊರು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಸೀಮೆ. ಇಂಥ ಕಡೆ ನಿಂತು ಹಿಮದ ಮೇಲೆ ಜಾರುವ ಆಟದ ಬಗ್ಗೆ ಹೇಳ್ತೀನಿ ಅಂದ್ರೆ, ‘ಇವರ ತಲಿಗೆ ಬಿಸಲ ಏರ್ಯಾದೇನು?’ ಅಂತ ನೀವು ಕೇಳಬಹುದು. ಕೇಳಿ. ಆಮೇಲೆ ಐದು ನಿಮಿಷ ನನ್ನ ಮಾತೂ ಕೇಳಿ.

ಡೌನ್‌ಹಿಲ್ ಸ್ಕೀಯಿಂಗ್ ಅಂದ್ರೆ ಕಾಲಿಗೆ ಎರಡು ಉದ್ದನೆಯ ಪಟ್ಟಿ ಬಿಗಿದುಕೊಂಡು, ಹಿಮದ ಬೆಟ್ಟದ ಮೇಲಿಂದ ಕೆಳಕ್ಕೆ ನುಗ್ಗುವುದು. ಸ್ವಿಟ್ಜರ್ಲೆಂಡಿನ ವೆಂಗನ್‌ನಲ್ಲಿ 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಗಂಟೆಗೆ 161.9 ಕಿ.ಮೀ. ವೇಗ ಮುಟ್ಟಿದರು. ನಮ್ಮ ಹೆದ್ದಾರಿಯಲ್ಲಿ ಕಾರೂ ಅಷ್ಟು ವೇಗ ಹೋಗುವ ಹಾಗಿಲ್ಲ. ಸೋಲು ಗೆಲುವು ನಿರ್ಧಾರ ಆಗೋದು ಸೆಕೆಂಡಿನ ನೂರನೇ ಭಾಗದಲ್ಲಿ.

ಈ ಆಟ ಭಾರತಕ್ಕೆ ಹೊಸದೇನಲ್ಲ. 1964ರಲ್ಲೇ ಜೆರೆಮಿ ಬುಜಾಕೋವ್ಸ್ಕಿ ಭಾರತದ ಪರವಾಗಿ ಇನ್ಸ್‌ಬ್ರಕ್‌ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದರು. ನಮ್ಮ ಕಾಲದ ಹೆಸರು ಆರಿಫ್ ಖಾನ್. ಕಾಶ್ಮೀರದ ಗುಲ್ಮಾರ್ಗ್ ಕಡೆಯವರು. ನಾಲ್ಕನೇ ವಯಸ್ಸಿಗೇ ತಂದೆ ಹಿಮದ ಮೇಲೆ ನಿಲ್ಲಿಸಿದರು. ಬೆಟ್ಟ ಮನೆ ಮುಂದೆ, ಹಿಮ ಬಿಟ್ಟಿ. ಇನ್ನೇನು ಬೇಕು ಅಂತೀರಾ? ದುಡ್ಡು ಬೇಕು ಸ್ವಾಮಿ!

ಈ ಆಟದ ಲೆಕ್ಕ ಹೀಗಿದೆ: ಒಲಿಂಪಿಕ್ಸ್‌ಗೆ ಹೋಗಬೇಕಾದ್ರೆ ಪಾಯಿಂಟ್ ಬೇಕು. ಪಾಯಿಂಟ್ ಬೇಕಾದ್ರೆ ಅಂತರರಾಷ್ಟ್ರೀಯ ಮಾನ್ಯತೆ ಇರುವ ಓಟಗಳಲ್ಲಿ ಮತ್ತೆ ಮತ್ತೆ ಇಳಿಯಬೇಕು. ಅವು ಹೆಚ್ಚಾಗಿ ನಡೆಯೋದು ಯುರೋಪಿನಲ್ಲಿ. ವಿಮಾನ, ವಸತಿ, ಕೋಚ್, ಸಾಮಾನು, ಎಲ್ಲಕ್ಕೂ ಖರ್ಚು. ಆ ಖರ್ಚು ಹೊಂದಿಸಲಾಗದೆ ಆರಿಫ್‌ಗೆ 2018ರ ಒಲಿಂಪಿಕ್ಸ್ ಕೈತಪ್ಪಿತು. ಕಾಲು ಸೋಲಲಿಲ್ಲ, ಕಿಸೆ ಸೋತಿತು.

ಆದರೂ ಬಿಡಲಿಲ್ಲ. ತಯಾರಿಗಾಗಿ ಮದುವೆಯನ್ನೇ ಮುಂದಕ್ಕೆ ಹಾಕಿದರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದದ್ದು ಅವರೊಬ್ಬರೇ. 140 ಕೋಟಿ ಜನ, ಒಬ್ಬ ಆಟಗಾರ! ಜೈಂಟ್ ಸ್ಲಾಲಮ್ ದಿನ ಹಿಮ ಸುರೀತಾ ಇತ್ತು. ಎಷ್ಟೋ ಮಂದಿ ಗುರಿ ಮುಟ್ಟಲೇ ಇಲ್ಲ. ಆರಿಫ್ ಮುಟ್ಟಿದರು, 45ನೇ ಸ್ಥಾನ. ಮೂರು ದಿನದ ನಂತರದ ಸ್ಲಾಲಮ್ ಪೂರ್ತಿ ಮಾಡಲಾಗಲಿಲ್ಲ. ‘ಬರೀ 45ನೆಯದಾ?’ ಅಂತ ಮೂಗು ಮುರಿಯೋರಿಗೆ ನನ್ನದೊಂದೇ ಪ್ರಶ್ನೆ: ಆ ಮನುಷ್ಯನ ಹಿಂದೆ ಎಷ್ಟು ಜನ ನಿಂತಿದ್ರು?

ಅದು ಕಾಶ್ಮೀರದ ಕಥೆ, ನಮಗೇನು ಅಂದ್ರಾ? ಹಾಗಾದ್ರೆ ಕೊಡಗಿಗೆ ಬನ್ನಿ. ಅಲ್ಲಿ ಮಳೆ ಇದೆ, ಮಂಜಿದೆ, ಹಿಮ ಇಲ್ಲ. ಆ ಕೊಡಗಿನ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ, ಪರ್ವತಾರೋಹಣದಿಂದ ಸ್ಕೀಯಿಂಗ್‌ಗೆ ಬಂದವರು. ಅವರದ್ದು ಇಳಿಜಾರಿನ ಓಟ ಅಲ್ಲ, ಕ್ರಾಸ್ ಕಂಟ್ರಿ. ಹಿಮದ ಮೇಲೆ ಕಿಲೋಮೀಟರುಗಟ್ಟಲೆ ದಮ್ಮು ಕಟ್ಟಿ ಓಡುವ ಸ್ಪರ್ಧೆ. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ದೂರದ ಚಿಲಿ ದೇಶದಲ್ಲಿ 5 ಕಿ.ಮೀ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಹಿಮವೇ ಬೀಳದ ರಾಜ್ಯದ ಮಗಳು!

ಈಗ ನಿಮ್ಮ ಊರಿನ ಮಾತು. ವಿಜಯಪುರ ಸೀಮೆ ಸೈಕ್ಲಿಂಗ್‌ಗೆ ಹೆಸರುವಾಸಿ. ಇಲ್ಲಿನ ರೈತರ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪೆಡಲ್ ತುಳಿದು ಗೆದ್ದಿದ್ದಾರೆ. ಅಲ್ಲೂ ಅದೇ ಕಷ್ಟ. ರೇಸಿಂಗ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೇಕು. ಅಪ್ಪ ಎತ್ತು ಮಾರಬೇಕಾ, ಹೊಲ ಅಡ ಇಡಬೇಕಾ?

ಗೆದ್ದ ಮೇಲೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಹಾರ, ಶಾಲು, ಫ್ಲೆಕ್ಸು, ತೆರೆದ ಜೀಪಿನ ಮೆರವಣಿಗೆ. ಬಹುಮಾನದ ಘೋಷಣೆ. ಬೇಡ ಅನ್ನಲ್ಲ, ಮಾಡಿ. ಆದ್ರೆ ಗೆದ್ದವರಿಗೆ ಕೊಡೋದು ಬಹುಮಾನ. ಗೆಲ್ಲೋ ಮುಂಚೆ ಕೊಡೋದು ಬೆಂಬಲ. ಹದಿನಾಲ್ಕು ವರ್ಷದ ಹುಡುಗನಿಗೆ ಇವತ್ತು ಬೇಕಾಗಿರೋದು ಹೊಟ್ಟೆ ತುಂಬ ಊಟ, ಒಳ್ಳೆ ಸೈಕಲ್ಲು, ಒಬ್ಬ ಕೋಚು, ರೈಲಿನ ಟಿಕೆಟ್ಟು.

ಮುಂದಿನ ಸಲ ನಿಮ್ಮ ಶಾಸಕರು ಜಾತ್ರೆಗೋ ಮದುವೆಗೋ ಬಂದಾಗ ಶಾಲು ಹೊದಿಸಿ, ಜೊತೆಗೆ ಇದನ್ನೂ ಕೇಳಿ: ಈ ವರ್ಷ ನಮ್ಮ ತಾಲೂಕಿನ ಎಷ್ಟು ಮಕ್ಕಳ ತರಬೇತಿಗೆ ದುಡ್ಡು ಬಂದಿದೆ? ಕಾಯಕ ಅಂದ್ರೆ ಏನು ಅಂತ ನಾಡಿಗೇ ತೋರಿಸಿಕೊಟ್ಟ ಶರಣರ ಊರು ಇದು. ಬೆವರಿಗೆ ಬೆಲೆ ಕಟ್ಟಬೇಕಾದ್ದು ಅದು ಸುರಿಯುವಾಗ, ಆರಿದ ಮೇಲಲ್ಲ.