ಮೂರು ಹೆಸರು, ಒಬ್ಬನೇ ಮನುಷ್ಯ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದು ಇರುವವರು ಕೈ ಎತ್ತಿ. ನೋಡಿ, ಅರ್ಧ ಸಭೆ ಎತ್ತಿತು. ನನ್ನದೂ ಜೂನ್ 1. ಒಂದನೇ ತರಗತಿಗೆ ಸೇರಿಸುವಾಗ ಅವ್ವ "ಸೀಗಿ ಹುಣ್ಣಿಮಿ ಮುಂದ ಹುಟ್ಟ್ಯಾನ್ರಿ" ಅಂದಳಂತೆ, ಮಾಸ್ತರರು ಜೂನ್ 1 ಎಂದು ಬರೆದರಂತೆ. ಅವರನ್ನು ದೂರುವುದಿಲ್ಲ, ಆಗ ಅದೇ ರೂಢಿ. ಆದರೆ ಆ ಒಂದು ಸಾಲು ಮುಂದೆ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಇವತ್ತು ನಾನು ಹೇಳಲು ಬಂದದ್ದು ಅದನ್ನೇ.

ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಪರದೇಶದ ನೌಕರಿ ಬಗ್ಗೆ ಮಾತಾಡಪ್ಪ, ಹುಡುಗರಿಗೆ ಹುರುಪು ಬರ್ತದ" ಎಂದರು. ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಕಂಪನಿಯ ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿದ್ದೆ. ಆದರೆ ನನ್ನ ಕಥೆಯಲ್ಲಿ ಹೇಳುವಂಥದ್ದು ಕಡಿಮೆ. ಅದಕ್ಕೆ 2005ರಲ್ಲಿ ಇದೇ ಶಾಲೆಯಲ್ಲಿ ನನ್ನ ಜೊತೆ ಎಸ್ಸೆಸ್ಸೆಲ್ಸಿ ಬರೆದ ಗೆಳೆಯನ ಕಥೆ ಹೇಳುತ್ತೇನೆ. ಅವನು ಡಾಕ್ಟರ್. ಇವತ್ತು ಬರಬೇಕಿತ್ತು, ಡ್ಯೂಟಿ ಬಿಡಲಿಲ್ಲ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೆಸರು ಮಾತ್ರ ಬ್ಯಾಡಲೇ, ನನ್ನ ಹೆಸರಿನ ಗೋಳು ಸಾಕಾಗೇತಿ" ಅಂದ. ಆ ಗೋಳು ಏನು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ನಾವಿಬ್ಬರೂ ಗಂಗಾವತಿಯಲ್ಲಿ ಒಂದೇ ರೂಮಿನಲ್ಲಿದ್ದು ಪಿಯುಸಿ ಓದಿದವರು. ನಮ್ಮ ಕಡೆ ಒಣ ಬೇಸಾಯ, ಅಲ್ಲಿ ಎಡದಂಡೆ ಕಾಲುವೆಯ ನೀರು, ಎಲ್ಲಿ ನೋಡಿದರೂ ಭತ್ತದ ಗದ್ದೆ. ಬೇರೆ ದೇಶಕ್ಕೆ ಬಂದಂತೆ ಅನಿಸುತ್ತಿತ್ತು. ಅಲ್ಲಿಂದ ನಾನು ಇಂಜಿನಿಯರಿಂಗ್‌ಗೆ ಹೋದೆ. ಅವನಿಗೆ ಸಿಇಟಿಯಲ್ಲಿ ಬಳ್ಳಾರಿಯ ವಿಮ್ಸ್‌ನಲ್ಲಿ ಎಂಬಿಬಿಎಸ್ ಸೀಟು ಸಿಕ್ಕಿತು. ಮುಗಿಸಿ ಬಂದು ಯಲಬುರ್ಗಾ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ವೈದ್ಯನಾಗಿ ಮೂರು ವರ್ಷ ದುಡಿದ. ಪಿಜಿ ಸೀಟು ಸಿಗಲಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಶಕ್ತಿ ಮನೆಯವರಿಗೆ ಇರಲಿಲ್ಲ. ಆಗ ಇಂಗ್ಲೆಂಡಿನ ದಾರಿ ಹಿಡಿದ.

ನಮ್ಮ ದೇಶದ ಡಾಕ್ಟರ್ ಅಲ್ಲಿ ಹೋಗಿ ನೇರವಾಗಿ ರೋಗಿಯ ನಾಡಿ ಹಿಡಿಯುವ ಹಾಗಿಲ್ಲ. ಮೊದಲು ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಅದಕ್ಕೆ ಮುಂಚೆ ಇಂಗ್ಲಿಷ್ ಪರೀಕ್ಷೆ. ಐಇಎಲ್‌ಟಿಎಸ್ ಬರೆದರೆ ಒಟ್ಟು 7.5 ಬರಬೇಕು, ಓದು, ಬರಹ, ಮಾತು, ಆಲಿಕೆ ನಾಲ್ಕರಲ್ಲೂ 7ಕ್ಕೆ ಕಡಿಮೆ ಆಗಬಾರದು. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಹುಡುಗ ಮೂರನೇ ಸಲಕ್ಕೆ ಪಾಸಾದ. ಆಮೇಲೆ ಪ್ಲ್ಯಾಬ್ ಎಂಬ ಪರೀಕ್ಷೆಯ ಎರಡು ಹಂತ. ಮೊದಲನೆಯದು ಮೂರು ಗಂಟೆಯಲ್ಲಿ 180 ಪ್ರಶ್ನೆ, ಇಲ್ಲೇ ನಮ್ಮ ದೇಶದಲ್ಲಿ ಬರೆಯಬಹುದು. ಎರಡನೆಯದನ್ನು ಮ್ಯಾಂಚೆಸ್ಟರ್‌ಗೇ ಹೋಗಿ ಕೊಡಬೇಕು. ಆಗ 18 ಕೋಣೆ, ಒಂದೊಂದರಲ್ಲಿ ಎಂಟು ನಿಮಿಷ, ರೋಗಿಯ ವೇಷದಲ್ಲಿ ನಟರು ಕೂತಿರುತ್ತಿದ್ದರು.

2017ರ ನವೆಂಬರ್‌ನಲ್ಲಿ ಅವನು ಆ ಪರೀಕ್ಷೆಗೆ ಬಂದಾಗ ನನ್ನ ರೂಮಿನಲ್ಲೇ ಉಳಿದ. ರಾತ್ರಿ ಇಡೀ ನಾನು ರೋಗಿ, ಅವನು ಡಾಕ್ಟರ್. "ಎದೆ ನೋವು ಯಾವಾಗ ಶುರುವಾಯಿತು" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದ, ನಾನು ಸುಳ್ಳುಸುಳ್ಳೇ ನರಳುತ್ತಿದ್ದೆ. ಅವನು ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಮೂರು ದಿನದಲ್ಲಿ ಖಾಲಿ.

ಪಾಸಾದ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ "ಈ ವೈದ್ಯನ ಮೇಲೆ ಯಾವ ತಕರಾರೂ ಇಲ್ಲ" ಎಂಬ ಪತ್ರ ತರಿಸಿದ. ಆ ಪತ್ರಕ್ಕೆ ಮೂರೇ ತಿಂಗಳ ಆಯುಷ್ಯ. ನೋಂದಣಿ ಆಯಿತು, ಒಂದು ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಆದರೆ ವೀಸಾ ಸಿಗಲಿಲ್ಲ. ಹೊರಗಿನಿಂದ ಬರುವ ನೌಕರರಿಗೆ ಅಲ್ಲಿನ ಸರ್ಕಾರ ಆಗ ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕಿತ್ತು. 2017ರ ಡಿಸೆಂಬರ್‌ನಿಂದ ತಿಂಗಳು ತಿಂಗಳೂ ಆ ಮಿತಿ ತುಂಬಿಹೋಗಿ, ಆಸ್ಪತ್ರೆಗಳೇ ಕರೆದ ಡಾಕ್ಟರುಗಳೂ ಹೊರಗೆ ಉಳಿದರು. 2018ರ ಜುಲೈನಲ್ಲಿ ಡಾಕ್ಟರ್ ಮತ್ತು ನರ್ಸುಗಳನ್ನು ಮಿತಿಯಿಂದ ಹೊರಗಿಟ್ಟ ಮೇಲೆ ಇವನ ವೀಸಾ ಬಂತು. ಅಷ್ಟು ತಿಂಗಳು ಅವನು ಊರಲ್ಲಿ ಕೂತಿದ್ದ. ದಿನಾ ಕಟ್ಟೆಯ ಮೇಲಿನವರ ಒಂದೇ ಪ್ರಶ್ನೆ: "ಇನ್ನೂ ಹೋಗಿಲ್ಲೇನು ಡಾಕ್ಟ್ರೇ?"

ನಮ್ಮವರಿಗೆ ಇದು ಹೊಸದೂ ಅಲ್ಲ. 2006ರಲ್ಲಿ ಅಲ್ಲಿನ ಸರ್ಕಾರ ಕೆಲವೇ ವಾರಗಳ ಸೂಚನೆ ಕೊಟ್ಟು ವೈದ್ಯರ ವೀಸಾ ನಿಯಮ ಬದಲಿಸಿತು. ಸಾಲ ಮಾಡಿ ಹೋಗಿದ್ದ ಭಾರತೀಯ ಡಾಕ್ಟರುಗಳು ತರಬೇತಿ ಹುದ್ದೆ ಕೈತಪ್ಪಿ ಕಂಗಾಲಾದರು. ಅಲ್ಲಿರುವ ಭಾರತೀಯ ಮೂಲದ ವೈದ್ಯರ ಸಂಘ, ಬಾಪಿಯೊ, ಕೋರ್ಟಿಗೆ ಹೋಯಿತು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಂಘದ ಪರ ತೀರ್ಪು ಕೊಟ್ಟಿತು. ನಿಯಮ ಒಂದು ದಿನದಲ್ಲಿ ಬದಲಾಗುತ್ತದೆ, ನ್ಯಾಯಕ್ಕೆ ಎರಡು ವರ್ಷ ಬೇಕಾಯಿತು.

ಈಗ ನೌಕರಿ ಬದಲಿಸುವ ಮಾತಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ನಾನು ಮೂರು ಕಂಪನಿ ಬದಲಿಸಿದ್ದೇನೆ. ರಾಜೀನಾಮೆ ಕೊಡು, ನೋಟಿಸ್ ಅವಧಿ ಮುಗಿಸು, ಲ್ಯಾಪ್‌ಟಾಪ್ ವಾಪಸ್ ಕೊಡು, ಸೋಮವಾರ ಹೊಸ ಆಫೀಸು. ಮ್ಯಾಂಚೆಸ್ಟರ್‌ನಲ್ಲಿ ಅದೂ ಇರಲಿಲ್ಲ. ನನ್ನದು ಕಂಪನಿ ಕಳಿಸಿದ ವೀಸಾ, ಅಲ್ಲೇ ಬೇರೆ ಕಂಪನಿಗೆ ಜಿಗಿಯಲು ಬರುತ್ತಿರಲಿಲ್ಲ. ಗೂಟಕ್ಕೆ ಕಟ್ಟಿದ ಎತ್ತು, ಹಗ್ಗ ಇದ್ದಷ್ಟೇ ಮೇವು.

ಗೆಳೆಯನಿಗೆ ಎರಡು ಹಗ್ಗ. ಒಂದು ನೋಂದಣಿ, ಇನ್ನೊಂದು ವೀಸಾ. ಅವನ ಮೊದಲ ಕೆಲಸ ಒಂದೇ ವರ್ಷದ ಕರಾರು, 2019ರ ಆಗಸ್ಟ್‌ಗೆ ಮುಗಿಯುತ್ತಿತ್ತು. ಮೇ ತಿಂಗಳಲ್ಲೇ ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಕೆಲಸ ಗಟ್ಟಿಯಾಯಿತು. ಕೌನ್ಸಿಲ್‌ನ ನೋಂದಣಿ ಅವನ ಜೊತೆಗೇ ಹೋಗುತ್ತದೆ. ವೀಸಾ ಹಾಗೆ ಹೋಗುವುದಿಲ್ಲ. ಹೊಸ ಆಸ್ಪತ್ರೆ ಹೊಸ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡಬೇಕು, ಅದನ್ನು ಹಿಡಿದು ಮತ್ತೆ ವೀಸಾಕ್ಕೆ ಅರ್ಜಿ ಹಾಕಬೇಕು, ಒಪ್ಪಿಗೆ ಬರುವ ತನಕ ಹೊಸ ಕೆಲಸಕ್ಕೆ ಕಾಲಿಡುವ ಹಾಗಿಲ್ಲ. ಅರ್ಜಿ ಹಾಕಿ ಕಾಯುವಾಗ ದೇಶ ಬಿಟ್ಟು ಹೊರಟರೆ ಅರ್ಜಿ ತಾನಾಗಿಯೇ ರದ್ದು. ಈ ಕೊನೆಯ ಮಾತು ನೆನಪಿಡಿ.

ಹೊಸ ಆಸ್ಪತ್ರೆಯವರು ಹಿಂದಿನ ಮೂರು ವರ್ಷದ ಕೆಲಸದ ದಾಖಲೆ ಕೇಳಿದರು. ಅಂದರೆ ಯಲಬುರ್ಗಾ ಕಡೆಯ ಆರೋಗ್ಯ ಕೇಂದ್ರದ ಪತ್ರವೂ ಬೇಕು. ತರಿಸಿದೆವು, ಅಲ್ಲಿಯೇ ಸಿಕ್ಕಿಕೊಂಡಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನ ಹೆಸರು ಮತ್ತು ಅಪ್ಪನ ಹೆಸರಿನ ಒಂದು ಅಕ್ಷರ. ಎಂಬಿಬಿಎಸ್ ಪದವಿಯಲ್ಲೂ ಅದೇ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರ ಬಿಡಿಸಿ ಅಪ್ಪನ ಪೂರ್ತಿ ಹೆಸರು. ಆರೋಗ್ಯ ಕೇಂದ್ರದ ಪತ್ರದಲ್ಲಿ ಮನೆತನದ ಹೆಸರು, ಯಾಕೆಂದರೆ ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಪದವಿಗೂ ಪಾಸ್‌ಪೋರ್ಟಿಗೂ ಇದ್ದ ವ್ಯತ್ಯಾಸಕ್ಕೆ ಮೊದಲೇ ಅಫಿಡವಿಟ್ ಕೊಟ್ಟಿದ್ದ. ಮೂರನೆಯ ಹೆಸರಿಗೆ ಏನೂ ಇರಲಿಲ್ಲ. ಅಲ್ಲಿನ ಆಫೀಸಿನವರು ಸಭ್ಯವಾಗಿಯೇ ಕೇಳಿದರು: ಈ ಮೂವರೂ ಒಬ್ಬನೇ ಮನುಷ್ಯ ಎಂಬುದಕ್ಕೆ ಪುರಾವೆ ಏನು?

ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ನಮ್ಮೂರಿನ ಬಾಯಿಮಾತು ಇಂಗ್ಲೆಂಡಿನಲ್ಲಿ ನಡೆಯುವುದಿಲ್ಲ. ಹುಡುಕಿ ಹುಡುಕಿ ಕೊನೆಗೆ ನೆನಪಾದದ್ದು ಈ ಶಾಲೆಯ ದಾಖಲಾತಿ ರಿಜಿಸ್ಟರ್. ನಾನು ಬೆಂಗಳೂರಿನಿಂದ ಬಂದೆ. ಬೇಸಿಗೆ ರಜೆ, ಶಾಲೆಗೆ ಬೀಗ. ಆಗಿನ ಮುಖ್ಯೋಪಾಧ್ಯಾಯರು ಆ ಬಿಸಿಲಿನಲ್ಲಿ ಕುಷ್ಟಗಿಯಿಂದ ಬೈಕಿನಲ್ಲಿ ಬಂದು ಬೀಗ ತೆಗೆದರು. 2002ರ ರಿಜಿಸ್ಟರ್ ಕಪಾಟಿನ ತಳದಲ್ಲಿತ್ತು, ಅಂಚು ಗೆದ್ದಲು ತಿಂದಿತ್ತು. ಎಂಟನೇ ತರಗತಿಗೆ ಸೇರಿದ ಸಾಲಿನಲ್ಲಿ ದುಂಡಗೆ ಬರೆದಿತ್ತು: ಅವನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಮೂರೂ ಒಂದೇ ಸಾಲಿನಲ್ಲಿ. ಬರೆದವರು ಆಗ ಇದ್ದ ಗುಮಾಸ್ತರು. ಅವರು ಒಂದು ಕಾಲಮ್ಮನ್ನೂ ಖಾಲಿ ಬಿಟ್ಟಿರಲಿಲ್ಲ. ಮುಖ್ಯೋಪಾಧ್ಯಾಯರು ಆ ಪುಟದ ದೃಢೀಕೃತ ನಕಲು ಮಾಡಿ, ಇಂಗ್ಲಿಷಿನಲ್ಲಿ ಪತ್ರ ಬರೆದು, ಶಾಲೆಯ ಮೊಹರು ಒತ್ತಿ ಕೊಟ್ಟರು. ಅದನ್ನು ಜೋಡಿಸಿ ಅವನು ಅಲ್ಲಿನ ವಕೀಲರ ಮುಂದೆ ಪ್ರಮಾಣ ಮಾಡಿದ. ಹೊಸ ಆಸ್ಪತ್ರೆ ಒಪ್ಪಿತು.

ಆದರೆ ಈ ಓಡಾಟದಲ್ಲಿ ಮೂರು ವಾರಕ್ಕೂ ಹೆಚ್ಚು ಹೋಗಿತ್ತು. ಹಿಂದೆಯೇ ಉಳಿದ ಎಲ್ಲ ಕಾಗದ ತಡವಾದವು. ವೀಸಾ ಅರ್ಜಿ ಹಾಕುವಾಗ ಜುಲೈ ಬಂದಿತ್ತು. ನೂರಾರು ಪೌಂಡ್ ಹೆಚ್ಚು ಕಟ್ಟಿದರೆ ಬೇಗ ತೀರ್ಮಾನ ಸಿಗುವ ದಾರಿ ಇತ್ತು. ಮನೆಯ ಸಾಲ ನೆನೆದು ಸಾದಾ ಅರ್ಜಿಯನ್ನೇ ಹಾಕಿದ. ಎಂಟು ವಾರದ ತನಕ ಕಾಯಬೇಕಾಗಬಹುದು ಎಂಬ ಲೆಕ್ಕ.

ಎರಡನೇ ವಾರ ಊರಲ್ಲಿ ಅವನ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅವನು ನನಗೆ ಫೋನ್ ಮಾಡಿದಾಗ ನಡುರಾತ್ರಿ. "ಹೊರಟರೆ ಅರ್ಜಿ ಹೋಗ್ತದ, ಕೆಲಸಾ ಹೋಗ್ತದ. ಹೊರಡದಿದ್ರ..." ಎಂದು ನಿಲ್ಲಿಸಿದ. ನಾನು ಅವನಿಗೆ ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. "ನಾನು ಹೋಗ್ತೀನಿ" ಎಂದೆ. ಮರುದಿನ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಕೊಪ್ಪಳದಲ್ಲಿ ಇಳಿದೆ.

ಆಸ್ಪತ್ರೆಯ ಹಾಸಿಗೆಯ ಪಕ್ಕ ನಾನು ಫೋನ್ ಹಿಡಿದು ನಿಲ್ಲುತ್ತಿದ್ದೆ, ಅವನು ವಿಡಿಯೋದಲ್ಲಿ ಸ್ಕ್ಯಾನ್ ನೋಡಿ ಇಲ್ಲಿನ ಡಾಕ್ಟರ ಜೊತೆ ಮಾತಾಡುತ್ತಿದ್ದ. ಅಲ್ಲಿ ಪರರ ತಾಯಂದಿರನ್ನು ನೋಡಿಕೊಳ್ಳುವವನು ತನ್ನ ತಾಯಿಯನ್ನು ಅಂಗೈ ಅಗಲದ ಗಾಜಿನಲ್ಲಿ ನೋಡುತ್ತಿದ್ದ. ಹತ್ತು ದಿನಕ್ಕೆ ಅವ್ವನಿಗೆ ತೊದಲು ಮಾತು ಬಂತು. ನನ್ನ ಕೈ ಹಿಡಿದು ಮೊದಲು ಕೇಳಿದ್ದು, "ಯಾವಾಗ ಬರ್ತಾನಪಾ? ನೀ ಆ ದೇಶಕ್ಕ ಹೋಗಿ ಬಂದಾಂವ ಅದೀ, ಖರೇ ಹೇಳು." ವೀಸಾ ಅರ್ಜಿ ಎಂದರೆ ಏನು ಎಂದು ಆ ತಾಯಿಗೆ ಹೇಗೆ ಹೇಳಲಿ? "ಕಾಗದ ಬಂದ ಕೂಡಲೆ ಬರ್ತಾನ ಯವ್ವಾ" ಎಂದೆ. ಆಕೆ, "ಇಷ್ಟ ಓದಿದ ಮ್ಯಾಲೂ ಇನ್ನೂ ಕಾಗದ ಬೇಕೇನು?" ಎಂದಳು.

ಆರನೇ ವಾರ ಕಾಗದ ಬಂತು. ಅವನು ಬಂದ. ಅವ್ವ ಬದುಕಿದ್ದಳು, ಈಗಲೂ ಇದ್ದಾಳೆ. ಕೋಲು ಹಿಡಿದು ಅಗೋ ಅಲ್ಲಿ ಬೇವಿನ ಗಿಡದ ಕೆಳಗೆ ಕುರ್ಚಿಯ ಮೇಲೆ ಕೂತಿದ್ದಾಳೆ. ಆದರೆ ಆ ಒಂದು ತಿಂಗಳು ಅವನಿಗೆ ವಾಪಸ್ ಬರುವುದಿಲ್ಲ. ಮೂರು ವಾರ ಮೊದಲೇ ಅರ್ಜಿ ಹಾಕಿದ್ದರೆ ಅಷ್ಟು ದಿನವಾದರೂ ಮುಂಚೆ ಬರುತ್ತಿದ್ದ ಎಂದು ಇಂದಿಗೂ ಹೇಳುತ್ತಾನೆ.

ಐದು ವರ್ಷ ತುಂಬಿ 2023ರಲ್ಲಿ ಅವನಿಗೆ ಅಲ್ಲಿ ಕಾಯಂ ನೆಲೆಸುವ ಅನುಮತಿ ಸಿಕ್ಕಿತು. ಈಗ ಆಸ್ಪತ್ರೆ ಬದಲಿಸಿದರೆ ವೀಸಾದ ಹಗ್ಗ ಇಲ್ಲ. ನೋಂದಣಿ ಮಾತ್ರ ಉಳಿದಿದೆ. ಪ್ರತಿ ವರ್ಷ ಕೆಲಸದ ಮೌಲ್ಯಮಾಪನ, ಐದು ವರ್ಷಕ್ಕೊಮ್ಮೆ "ಈತ ಇನ್ನೂ ಯೋಗ್ಯ" ಎಂಬ ಮರುದೃಢೀಕರಣ. ಅದು ಇರಬೇಕು ಎನ್ನುತ್ತಾನೆ ಅವನೇ. ರೋಗಿಯ ಜೀವದ ಪ್ರಶ್ನೆ ಅದು.

ಪಾಲಕರಿಗೆ ಒಂದು ಮಾತು. ಪರದೇಶದಲ್ಲಿ ಎಂಬಿಬಿಎಸ್ ಓದಿಸುತ್ತೇವೆ ಎಂದು ಏಜೆಂಟರು ಕುಷ್ಟಗಿ, ಗಂಗಾವತಿಯ ತನಕ ಬರುತ್ತಿದ್ದಾರೆ. ಹೊರಗೆ ಓದಿ ಬಂದವರು ಇಲ್ಲಿ ವೈದ್ಯರಾಗಲು 300 ಅಂಕದ ಪರೀಕ್ಷೆಯಲ್ಲಿ 150 ಪಡೆಯಬೇಕು. 2021ರ ನವೆಂಬರ್‌ನ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅಲ್ಲೊಂದು ವರ್ಷ, ಇಲ್ಲೊಂದು ವರ್ಷ ಇಂಟರ್ನ್‌ಶಿಪ್ ಆಗಬೇಕು. ದುಡ್ಡು ಕಟ್ಟುವ ಮೊದಲು ಇದನ್ನೆಲ್ಲ ಕೇಳಿ. ಇನ್ನೊಂದು ಮಾತು, ಈಗ ನಮ್ಮ ಜಿಲ್ಲೆಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, 371(ಜೆ) ಮೀಸಲಾತಿ ಇದೆ. ನಮ್ಮ ಕಾಲಕ್ಕೆ ಎರಡೂ ಇರಲಿಲ್ಲ. ಆದರೆ ಆ ಅರ್ಹತಾ ಪತ್ರದಲ್ಲೂ ಹೆಸರು ಸರಿ ಇರಬೇಕು.

ಕೊನೆಗೆ ನನ್ನ ಕೋರಿಕೆ. ಒಂಬತ್ತು, ಹತ್ತನೇ ತರಗತಿಯಲ್ಲಿ ಶಾಲೆಯವರು ಹೆಸರಿನ ವಿವರ ಓದಿಸಿ ಸಹಿ ಮಾಡಿಸುತ್ತಾರೆ. ಎಸ್‌ಎಟಿಎಸ್‌ನಲ್ಲಿ ಇರುವುದೇ ಅಂಕಪಟ್ಟಿಗೆ ಹೋಗುತ್ತದೆ. ಅಂಕಪಟ್ಟಿ ಕೈಗೆ ಬಂದ ಮೇಲೆ ತಿದ್ದಿಸುವುದು ಕಷ್ಟ, ಹುಟ್ಟಿದ ದಿನಕ್ಕಂತೂ ಕೋರ್ಟಿನ ತನಕ ಹೋಗಬೇಕು. ಆ ದಿನ ಹೊಲದ ಕೆಲಸ ಬಿಟ್ಟು ಬನ್ನಿ. ಆಧಾರ್, ಶಾಲೆ, ರೇಷನ್ ಕಾರ್ಡ್ ಮೂರರಲ್ಲೂ ಇಂಗ್ಲಿಷ್ ಅಕ್ಷರ ಒಂದೇ ಇದೆಯೇ ನೋಡಿ. ಓದು ಬಾರದವರ ಪಕ್ಕದಲ್ಲಿ ಕೂತು ನೋಡಿಕೊಡಲು ನಾವು ಹಳೆಯ ವಿದ್ಯಾರ್ಥಿಗಳು ಪ್ರತಿ ವರ್ಷ ಸರದಿಯಂತೆ ಬರುತ್ತೇವೆ. ಮೊದಲ ವರ್ಷ ನಾನು. ಶಾಲೆಯ ಹಳೆಯ ರಿಜಿಸ್ಟರುಗಳನ್ನೆಲ್ಲ ಗೆದ್ದಲು ತಿನ್ನುವ ಮೊದಲು ಸ್ಕ್ಯಾನ್ ಮಾಡಿಡುವ ಕೆಲಸ ಈ ದಸರಾ ರಜೆಯಲ್ಲೇ ಶುರುವಾಗುತ್ತದೆ. ಖರ್ಚು ಡಾಕ್ಟರದು, ದುಡಿಮೆ ನನ್ನದು.

ಐವತ್ತು ವರ್ಷದಲ್ಲಿ ಈ ಶಾಲೆ ಎಷ್ಟೋ ಮಕ್ಕಳ ಹೆಸರು ಬರೆದುಕೊಂಡಿದೆ. ಅಂದು ಆ ಗುಮಾಸ್ತರು ಒಂದು ಸಾಲು ಪೂರ್ತಿ ಬರೆದದ್ದರಿಂದ ನಮ್ಮೂರ ಹುಡುಗನ ನೌಕರಿ ಉಳಿಯಿತು. ಅವರು ಇವತ್ತು ಇಲ್ಲ. ಅವರ ಮನೆಯವರು ಸಭೆಯಲ್ಲಿದ್ದರೆ, ಡಾಕ್ಟರ ಪರವಾಗಿ ಅವರಿಗೆ ನನ್ನ ನಮಸ್ಕಾರ.